ಡೀಸೆಲ್ ಏರಿಸಿದ್ದು ಬೆಂಗಳೂರೋ ದೆಹಲಿಯೋ? ಲಾರಿ ಮುಷ್ಕರದ ಹೊತ್ತಿನ ಚರ್ಚೆ

ಹತ್ತು ಚಕ್ರ (ಹುಬ್ಬಳ್ಳಿ)
15 ಏಪ್ರಿಲ್ 2025, ಬೆಳಿಗ್ಗೆ 11.20

ನಿನ್ನೆ ನಡುರಾತ್ರಿಯಿಂದ ನನ್ನ ಲಾರಿ ಹೆದ್ದಾರಿ ಪಕ್ಕದ ಡಾಬಾದ ಅಂಗಳದಲ್ಲಿ ನಿಂತಿದೆ. ಅಕ್ಕಪಕ್ಕದಲ್ಲಿ ಇನ್ನೂ ಹನ್ನೊಂದು ಗಾಡಿಗಳಿವೆ. ಚಾಲಕನೂ ಕ್ಲೀನರ್ ಹುಡುಗನೂ ಗಾಡಿಯ ನೆರಳಿನಲ್ಲಿ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದಾರೆ. ದುಡಿಯುವ ಗಾಡಿ ನಿಂತರೆ ಎದೆ ಭಾರವಾಗುತ್ತದೆ. ಆದರೆ ಓಡಿಸಿದರೂ ಹಗುರವಾಗುವುದಿಲ್ಲ, ಅದಕ್ಕೇ ಈ ಬರಹ.

ನನ್ನ ಲೆಕ್ಕ ಸರಳವಾದದ್ದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರಲು 820 ಕಿಲೋಮೀಟರ್. ಲೋಡ್ ಇದ್ದಾಗ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ದೇವರ ದಯೆ. ಅಂದರೆ ಒಂದು ಟ್ರಿಪ್ಪಿಗೆ 205 ಲೀಟರ್. ಈ ಏಪ್ರಿಲ್ 1ಕ್ಕೆ ರಾಜ್ಯ ಸರ್ಕಾರ ತೆರಿಗೆ ಹೆಚ್ಚಿಸಿ ಲೀಟರಿಗೆ ಎರಡು ರೂಪಾಯಿ ಏರಿಸಿತು. ಕಳೆದ ಜೂನ್‌ನಲ್ಲಿ ಏರಿಸಿದ ಮೂರು ರೂಪಾಯಿ ಅದರ ಕೆಳಗೆ ಹಾಗೇ ಕುಳಿತಿದೆ. ಐದು ರೂಪಾಯಿಯಂತೆ ಟ್ರಿಪ್ಪಿಗೆ ಸಾವಿರದ ಇಪ್ಪತ್ತೈದು. ತಿಂಗಳಿಗೆ ಎಂಟು ಟ್ರಿಪ್ ಎಂದರೆ ಎಂಟು ಸಾವಿರದ ಇನ್ನೂರು. ಇದು ಹತ್ತು ತಿಂಗಳಲ್ಲಿ ಹೊಸದಾಗಿ ಹುಟ್ಟಿದ ಖರ್ಚು. ಟೈರು, ಟೋಲು, ವಿಮೆ, ಸಾಲದ ಕಂತು ಇವೆಲ್ಲ ಬೇರೆ.

ಬಾಡಿಗೆ ಏರಿಸಿ ಎನ್ನುತ್ತೀರಿ. ಯಾರು ಕೊಡುತ್ತಾರೆ? ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೊರುವಾಗ ಏಜೆಂಟ್ ಹೇಳುವುದು ಒಂದೇ ಮಾತು: ‘ನಿನಗೆ ಆಗದಿದ್ದರೆ ಹಿಂದೆ ಇನ್ನೊಬ್ಬ ನಿಂತಿದ್ದಾನೆ.’ ನಿಂತಿರುವುದೂ ನಿಜ.

ನನಗೆ ಬೇಕಾಗಿರುವುದು ಯಾವ ಪಕ್ಷ ಒಳ್ಳೆಯದು ಎಂಬ ಉಪದೇಶವಲ್ಲ. ಈ 91 ರೂಪಾಯಿಯಲ್ಲಿ ಯಾರ ಪಾಲು ಎಷ್ಟು ಎಂದು ತಿಳಿದವರು ಬಿಡಿಸಿ ಹೇಳಿ. ಡಾಬಾದಲ್ಲಿ ಕುಳಿತ ಹನ್ನೆರಡು ಜನರಲ್ಲಿ ಆರು ಜನ ಬೆಂಗಳೂರಿನತ್ತ ಬೆರಳು ತೋರಿಸುತ್ತಿದ್ದಾರೆ, ಆರು ಜನ ದೆಹಲಿಯತ್ತ. ಅನ್ನ ಬೇಯುವಷ್ಟರಲ್ಲಿ ಹೊಡೆದಾಟವಾಗದಿದ್ದರೆ ಸಾಕು.

ಲೆಕ್ಕದ ಮೇಷ್ಟ್ರು (ತುಮಕೂರು)
15 ಏಪ್ರಿಲ್, ಮಧ್ಯಾಹ್ನ 12.45

ಲಾರಿ ಅಣ್ಣನವರೇ, ಇಬ್ಬರ ಬೆರಳೂ ಸರಿಯಾಗಿಯೇ ಇದೆ. ಬೆಂಗಳೂರಿನ ದರ ಹಿಡಿದು ಹೇಳುತ್ತೇನೆ, ಹುಬ್ಬಳ್ಳಿಯಲ್ಲಿ ಪೈಸೆಗಳ ವ್ಯತ್ಯಾಸ ಇರಬಹುದು.

ಡೀಸೆಲ್ 91 ರೂಪಾಯಿ 2 ಪೈಸೆ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ವರೆಗೆ ಶೇ 14.34 ಇತ್ತು. ಜೂನ್ 15ರಂದು ಶೇ 18.44 ಮಾಡಿದರು. ಈಗ ಶೇ 21.17. ಅಂದರೆ ನಿಮ್ಮ 91 ರೂಪಾಯಿಯಲ್ಲಿ ರಾಜ್ಯದ ಪಾಲು ಸುಮಾರು 15 ರೂಪಾಯಿ 90 ಪೈಸೆ. ಕೇಂದ್ರದ ಅಬಕಾರಿ ಸುಂಕ ಮೊನ್ನೆವರೆಗೆ 15.80 ಇತ್ತು, ಏಪ್ರಿಲ್ 7ರಂದು ಘೋಷಿಸಿ ಎರಡು ರೂಪಾಯಿ ಸೇರಿಸಿದರು, ಈಗ 17.80. ಎರಡೂ ಕೂಡಿಸಿದರೆ 33 ರೂಪಾಯಿ 70 ಪೈಸೆ. ಉಳಿದ 57 ರೂಪಾಯಿ ಚಿಲ್ಲರೆಯಲ್ಲಿ ಕಚ್ಚಾ ತೈಲ, ಹಡಗು, ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ, ಬಂಕಿನವರ ಕಮಿಷನ್ ಎಲ್ಲ ಮುಗಿಯಬೇಕು. ಪೆಟ್ರೋಲಿನಲ್ಲಂತೂ ಎರಡು ತೆರಿಗೆ ಸೇರಿ 45 ರೂಪಾಯಿ ದಾಟುತ್ತದೆ.

ಇಲ್ಲಿ ಜನ ಗಮನಿಸದ ಎರಡು ಸಂಗತಿಗಳಿವೆ. ಮೊದಲನೆಯದು: ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಿದೆ, ರಾಜ್ಯದ್ದು ಶೇಕಡಾವಾರು. ರಾಜ್ಯ ತನ್ನ ಶೇಕಡಾವನ್ನು ಹಾಕುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. 17.80ರ ಮೇಲೆ ಶೇ 21.17 ಎಂದರೆ 3 ರೂಪಾಯಿ 77 ಪೈಸೆ. ತೆರಿಗೆಯ ಮೇಲೆ ತೆರಿಗೆ. ಕೇಂದ್ರದ ಸುಂಕ ಬೆಲೆಗೆ ಸೇರಿ ಬಂಕಿನ ದರ ಏರಿದಾಗಲೆಲ್ಲ ರಾಜ್ಯ ಒಂದು ಕಡೆ ಪ್ರತಿಭಟಿಸುತ್ತದೆ, ಇನ್ನೊಂದು ಕಡೆ ಅದರ ಖಜಾನೆಗೂ ನಾಲ್ಕು ಕಾಸು ಹೆಚ್ಚು ಬೀಳುತ್ತದೆ.

ಎರಡನೆಯದು ಕೇಂದ್ರದ ಜಾಣತನ. ಡೀಸೆಲ್ ಮೇಲಿನ ಆ 17.80ರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ಉಳಿದದ್ದೆಲ್ಲ ಸೆಸ್ ಮತ್ತು ವಿಶೇಷ ಹೆಚ್ಚುವರಿ ಸುಂಕ, ಅದು ಪೂರ್ತಿ ದೆಹಲಿಗೆ. 1.80ರಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಶೇ 41, ಅದರಲ್ಲಿ ಕರ್ನಾಟಕಕ್ಕೆ ಶೇ 3.647. ಹುಡುಗರಿಗೆ ಕೊಡುವ ಲೆಕ್ಕದಂತೆ ಮಾಡಿ ನೋಡಿದೆ: ಲೀಟರಿಗೆ ಮೂರು ಪೈಸೆಯೂ ಬರುವುದಿಲ್ಲ.

ನಮ್ಮ ತೆರಿಗೆ ನಮ್ಮ ಹಕ್ಕು
15 ಏಪ್ರಿಲ್, ಮಧ್ಯಾಹ್ನ 1.10

ಮೇಷ್ಟ್ರು ತಾವೇ ಉತ್ತರ ಕೊಟ್ಟಿದ್ದಾರೆ. ನಮ್ಮ ಪಾಲು ಹಿಂದೆ ಶೇ 4.713 ಇತ್ತು, ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಲೆಕ್ಕ ಹಾಕುವ ಹದಿನೈದನೇ ಹಣಕಾಸು ಆಯೋಗ ಅದನ್ನು 3.647ಕ್ಕೆ ಇಳಿಸಿತು. ಮೂರು ಪೈಸೆ ಕೊಟ್ಟು ರಾಜ್ಯ ನಡೆಸಿ ಎಂದರೆ ಹೇಗೆ? ರಾಜ್ಯ ತಾನೇ ದರ ಏರಿಸಬಹುದಾದ ದೊಡ್ಡ ಬಾಬತ್ತುಗಳೆಂದರೆ ಇಂಧನ, ಮದ್ಯ, ನೋಂದಣಿ, ವಾಹನ ತೆರಿಗೆ ಇಷ್ಟೇ. ಅಲ್ಲಿಂದ ಎತ್ತದೆ ಇನ್ನೆಲ್ಲಿಂದ ಎತ್ತಬೇಕು? ಏರಿಸಿದ ಮೇಲೂ ನಮ್ಮ ಡೀಸೆಲ್ ಆಂಧ್ರ, ಕೇರಳ, ತಮಿಳುನಾಡಿಗಿಂತ ಅಗ್ಗ.

ಸತ್ಯ ಹೇಳುವವ
15 ಏಪ್ರಿಲ್, ಮಧ್ಯಾಹ್ನ 1.32

ಹೌದು, ಐದು ಗ್ಯಾರಂಟಿಗಳಿಗೆ ಈ ವರ್ಷದ ಬಜೆಟ್ಟಿನಲ್ಲಿ 51,034 ಕೋಟಿ ಇಟ್ಟಿದ್ದಾರೆ, ಅದನ್ನು ಲಾರಿಯವನ ಟ್ಯಾಂಕಿನಿಂದ ಹೀರುತ್ತಿದ್ದಾರೆ. ಕೇಂದ್ರ 2021ರ ನವೆಂಬರ್‌ನಲ್ಲಿ ಡೀಸೆಲ್ ಸುಂಕ ಹತ್ತು ರೂಪಾಯಿ ಇಳಿಸಿತು, 2022ರ ಮೇನಲ್ಲಿ ಮತ್ತೆ ಆರು. ಅಂದಿನ ರಾಜ್ಯ ಸರ್ಕಾರವೂ ಏಳು ರೂಪಾಯಿ ಇಳಿಸಿತ್ತು. ಅದನ್ನು ಯಾರೂ ನೆನೆಯುವುದಿಲ್ಲ.

ಲೆಕ್ಕದ ಮೇಷ್ಟ್ರು (ತುಮಕೂರು)
15 ಏಪ್ರಿಲ್, ಮಧ್ಯಾಹ್ನ 1.50

ನೆನೆಯೋಣ. ಜೊತೆಗೆ ಅದಕ್ಕೂ ಮೊದಲಿನದನ್ನೂ ನೆನೆಯೋಣ. 2020ರ ಮಾರ್ಚ್‌ನಲ್ಲಿ ಮೂರು, ಮೇ ತಿಂಗಳಲ್ಲಿ ಒಂದೇ ಏಟಿಗೆ ಡೀಸೆಲ್ ಮೇಲೆ ಹದಿಮೂರು ರೂಪಾಯಿ ಏರಿಸಿದ್ದರು. ಆಗ ಕೊರೊನಾದಿಂದ ಜಗತ್ತೇ ಬಾಗಿಲು ಹಾಕಿ, ಏಪ್ರಿಲ್‌ನಲ್ಲಿ ನಾವು ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್‌ಗೆ 20 ಡಾಲರ್ ಆಸುಪಾಸಿಗೆ ಬಿದ್ದಿತ್ತು. ಆ ಇಳಿಕೆ ಬಂಕಿಗೆ ಬರಲೇ ಇಲ್ಲ. ಹದಿನಾರು ಏರಿಸಿ ಹದಿನಾರು ಇಳಿಸಿದ್ದನ್ನು ದಾನ ಎನ್ನುವುದಾದರೆ ನಾನು ಗಣಿತ ಪಾಠ ಮಾಡಿದ್ದು ವ್ಯರ್ಥ. ಈ ತಿಂಗಳೂ ಅದೇ ಆಟ: ಕಚ್ಚಾ ತೈಲ 65 ಡಾಲರ್‌ಗಿಂತ ಕೆಳಗೆ ಬಂತು, ಬಂಕಿನಲ್ಲಿ ಎರಡು ರೂಪಾಯಿ ಇಳಿಯಬಹುದಾಗಿದ್ದ ಜಾಗಕ್ಕೆ ಸುಂಕ ಬಂದು ಕುಳಿತಿತು. ‘ಗ್ರಾಹಕರಿಗೆ ಹೊರೆ ಇಲ್ಲ’ ಎಂದರು. ಹೊರೆ ಇಲ್ಲ ನಿಜ, ಇಳಿಯಬೇಕಾದ ಹೊರೆ ಇಳಿಯಲಿಲ್ಲ ಅಷ್ಟೆ.

ವೇದಿಕೆ ನಿರ್ವಾಹಕ
15 ಏಪ್ರಿಲ್, ಮಧ್ಯಾಹ್ನ 2.15

ಒಂಬತ್ತು ಪ್ರತಿಕ್ರಿಯೆಗಳನ್ನು ಅಳಿಸಿದ್ದೇನೆ. ನಾಯಕರ ತಂದೆತಾಯಿಗಳಿಗೂ ಡೀಸೆಲ್ ದರಕ್ಕೂ ಸಂಬಂಧವಿಲ್ಲ. ಪಕ್ಷಗಳಿಗೆ ಅಡ್ಡಹೆಸರು ಇಡುವವರು ಬೇರೆ ಜಗಲಿ ಹುಡುಕಿಕೊಳ್ಳಿ.

ನೀಲಿ ಅಂಗಿ
15 ಏಪ್ರಿಲ್, ಸಂಜೆ 4.05

ನಾನು ಬಂಕಿನಲ್ಲಿ ಕೆಲಸ ಮಾಡುವವನು. ಎರಡೂ ಸರ್ಕಾರದ ಬೈಗುಳ ಬಂದು ಬೀಳುವುದು ನನ್ನ ತಲೆಯ ಮೇಲೆ.

ಮಾರ್ಚ್ 31ರ ರಾತ್ರಿ ಸಾಲು ರಸ್ತೆಗೆ ಬಂದಿತ್ತು. ಹೇಗೋ ಸುದ್ದಿ ಹರಡಿ ಟ್ರ್ಯಾಕ್ಟರಿನವರು ಬಿಳಿ ಕ್ಯಾನು, ಡ್ರಮ್ಮು ಹಿಡಿದು ಬಂದಿದ್ದರು. ಬೆಳಗಾದ ಮೇಲೆ ಮೊದಲ ಗಿರಾಕಿ ಬೋರ್ಡು ನೋಡಿ ಕೇಳಿದ: ‘ನಿನ್ನೆ ತುಂಬಿಸಿಟ್ಟ ಎಣ್ಣೆಗೆ ಇವತ್ತಿನ ರೇಟು ಯಾಕೆ? ನೆಲದೊಳಗೆ ಮೊಟ್ಟೆ ಇಟ್ಟಿತೇ?’ ನನ್ನ ಬಳಿ ಉತ್ತರ ಇರಲಿಲ್ಲ. ಇಳಿದ ದಿನ ಹಳೆಯ ಎಣ್ಣೆಯನ್ನು ಕಡಿಮೆಗೆ ಮಾರಿ ನಮ್ಮ ಮಾಲೀಕರು ನಷ್ಟ ಹೊತ್ತದ್ದನ್ನೂ ಕಂಡಿದ್ದೇನೆ, ಆದರೆ ಆ ದಿನ ಯಾರೂ ಬಂದು ಸಮಾಧಾನ ಹೇಳುವುದಿಲ್ಲ.

ಬೈಕಿನವರು ಈಗ ‘ಫುಲ್’ ಎನ್ನುವುದೇ ಇಲ್ಲ. ಇನ್ನೂರು ರೂಪಾಯಿಗೆ ಹಾಕು, ನೂರು ರೂಪಾಯಿಗೆ ಹಾಕು. ನೂರು ರೂಪಾಯಿಗೆ ಒಂದು ಲೀಟರ್ ತುಂಬುವುದಿಲ್ಲ. ಮೀಟರ್ 0.97ರಲ್ಲಿ ನಿಂತಾಗ ಕೆಲವರು ನನ್ನ ಮುಖ ನೋಡುತ್ತಾರೆ, ಆ ಮೂರು ಪಾಯಿಂಟನ್ನು ನಾನು ಜೇಬಿಗೆ ಹಾಕಿಕೊಂಡೆನೋ ಎಂಬಂತೆ. ಜೀರೋ ನೋಡಿ ಸರ್ ಎಂದು ದಿನಕ್ಕೆ ಐನೂರು ಸಲ ಹೇಳುತ್ತೇನೆ. ಬೇಕಿದ್ದರೆ ಎಣ್ಣೆಯಲ್ಲಿ ಕಲಬೆರಕೆ ಇದೆಯೇ ಎಂದು ತಿಳಿಯಲು ಬರೆದಿಡುವ ಸಾಂದ್ರತೆಯ ಪುಸ್ತಕವನ್ನೂ ತೋರಿಸುತ್ತೇನೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮಂಡಕ್ಕಿ ಒಗ್ಗರಣೆ (ದಾವಣಗೆರೆ)
15 ಏಪ್ರಿಲ್, ರಾತ್ರಿ 9.30

ಗಂಡಸರೆಲ್ಲ ಡೀಸೆಲ್ ಡೀಸೆಲ್ ಎನ್ನುತ್ತಿದ್ದೀರಿ, ಅಡುಗೆ ಮನೆಗೆ ಯಾರೂ ಬರಲಿಲ್ಲ. ಸಿಲಿಂಡರ್ ಮೇಲೆ ಐವತ್ತು ರೂಪಾಯಿ ಏರಿಸಿದ್ದೂ ಅದೇ ಏಪ್ರಿಲ್ 7ರಂದು. ಬೆಂಗಳೂರಿನಲ್ಲಿ 805.50 ಇದ್ದದ್ದು 855.50 ಆಯಿತು. ನಮ್ಮಲ್ಲಿ ಸಾಗಣೆ ಸೇರಿ ಇನ್ನಷ್ಟು. ಅದರ ಮೇಲೆ ಮನೆಗೆ ತಂದುಕೊಡುವವನಿಗೆ ಬಿಲ್ಲಿನಲ್ಲಿ ಇಲ್ಲದ ನಲವತ್ತು ರೂಪಾಯಿ. ಕೊಡದಿದ್ದರೆ ಮುಂದಿನ ಸಲ ಗೇಟಿನ ಹೊರಗೇ ಇಳಿಸಿ ಹೋಗುತ್ತಾನೆ. ಅವನ ಮೇಲೂ ನನಗೆ ಸಿಟ್ಟಿಲ್ಲ, ಬೆನ್ನ ಮೇಲೆ ಹೊತ್ತು ಮೂರನೇ ಮಹಡಿಗೆ ಹತ್ತುವವನು ಅವನು.

ಸಬ್ಸಿಡಿ ಬ್ಯಾಂಕಿಗೆ ಬರುತ್ತದೆ ಎಂದು 2015ರಲ್ಲಿ ಆಧಾರ್ ಜೋಡಿಸಿದೆವು, ಸಾಲಿನಲ್ಲಿ ನಿಂತೆವು. 2020ರ ಮೇ ತಿಂಗಳಿಂದ ನಮ್ಮಂಥವರಿಗೆ ಅದು ನಿಂತುಹೋಯಿತು. ನಿಲ್ಲಿಸಿದ್ದೇವೆ ಎಂದು ಒಂದು ಮಾತನ್ನು ಯಾರೂ ಹೇಳಲಿಲ್ಲ, ಪಾಸ್‌ಬುಕ್ ನೋಡಿದಾಗಲೇ ಗೊತ್ತಾದದ್ದು. ಉಜ್ವಲಾದವರಿಗೆ ಮುನ್ನೂರು ರೂಪಾಯಿ ಬರುತ್ತದೆ, ಆದರೆ ಐವತ್ತು ಅವರಿಗೂ ಏರಿದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ ಉಜ್ವಲಾ ಸಂಪರ್ಕ ಪಡೆದವಳೇ. ಸಿಲಿಂಡರ್ ಅನ್ನು ಚಹಾಕ್ಕೆ, ಮಗುವಿನ ಹಾಲಿಗೆ ಎಂದು ಮುಚ್ಚಿಟ್ಟುಕೊಂಡು ಅನ್ನ, ಬಿಸಿನೀರು ಎಲ್ಲವನ್ನೂ ಹಿತ್ತಲ ಸೌದೆ ಒಲೆಯಲ್ಲೇ ಮಾಡುತ್ತಾಳೆ.

ಇನ್ನು ಗ್ಯಾರಂಟಿಯ ಮಾತು. ‘ಸತ್ಯ ಹೇಳುವವ’ರೇ, ನಾನು ಶಕ್ತಿ ಯೋಜನೆಯ ಟಿಕೆಟ್ಟಿನಲ್ಲಿ ಹರಿಹರಕ್ಕೆ ಹೋಗಿ ಅಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವವಳು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಈಗ ವಾರಕ್ಕೊಮ್ಮೆ. ಆ ಟಿಕೆಟ್ಟನ್ನು ನೀವು ಬಿಟ್ಟಿ ಎನ್ನುವಾಗ ನನಗೆ ಉರಿಯುತ್ತದೆ. ಆದರೆ ಅದೇ ಬಸ್ಸಿನಲ್ಲಿ ನನ್ನ ಮಗನ ಟಿಕೆಟ್ ಜನವರಿಯಲ್ಲಿ ಶೇ 15 ಏರಿತು, ಡೀಸೆಲ್ ಏರಿದ ಮೇಲೆ ಸಂತೆಯಲ್ಲಿ ಈರುಳ್ಳಿ ಮಾರುವವನೂ ‘ಬಾಡಿಗೆ ಏರಿದೆ ಅಕ್ಕ’ ಎನ್ನುತ್ತಾನೆ. ಕೊಟ್ಟದ್ದು ಸುಳ್ಳಲ್ಲ, ಕಿತ್ತದ್ದೂ ಸುಳ್ಳಲ್ಲ.

ಹತ್ತು ಚಕ್ರ (ಹುಬ್ಬಳ್ಳಿ)
15 ಏಪ್ರಿಲ್, ರಾತ್ರಿ 9.55

ಅಕ್ಕಾವರೇ, ಆ ‘ಬಾಡಿಗೆ ಏರಿದೆ’ ಎನ್ನುವವನ ವಿಳಾಸ ಕೊಡಿ. ಏರಿದ ಬಾಡಿಗೆ ಯಾರ ಕೈ ಸೇರಿದೆ ಎಂದು ನಾನೂ ಕೇಳಬೇಕಾಗಿದೆ.

ಮೂರು ಗಾಲಿ
15 ಏಪ್ರಿಲ್, ರಾತ್ರಿ 10.20

ಬೆಂಗಳೂರಿನಲ್ಲಿ ಆಟೋ ಮೀಟರ್ ದರ 2021ರ ಡಿಸೆಂಬರ್‌ನಲ್ಲಿ ಮಾಡಿದ್ದು: ಮೊದಲ ಎರಡು ಕಿಲೋಮೀಟರಿಗೆ ಮೂವತ್ತು, ಆಮೇಲೆ ಹದಿನೈದು. ಇಂದಿಗೂ ಅದೇ. ಮೆಟ್ರೋ ಏರಿತು, ಬಸ್ ಏರಿತು, ಹಾಲು ನಾಲ್ಕು ರೂಪಾಯಿ ಏರಿತು. ನಾವು ಹತ್ತು ರೂಪಾಯಿ ಮೇಲೆ ಕೇಳಿದರೆ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತೀರಿ. ಸರ್ಕಾರ ಎರಡು ರೂಪಾಯಿ ಏರಿಸಿದಾಗ ಯಾರ ವಿಡಿಯೊ ಮಾಡುವುದು? ತಪ್ಪು ನಮ್ಮಲ್ಲೂ ಇದೆ, ಮೀಟರ್ ಹಾಕದವರ ಪರ ಮಾತಾಡುತ್ತಿಲ್ಲ. ನನಗೆ ಬೇಕಾಗಿರುವುದು ಗ್ಯಾಸಿನ ದರ ಏರಿದಂತೆ ಮೀಟರೂ ಏರಿ, ಇಳಿದಂತೆ ಇಳಿಯುವ ಒಂದು ನಿಯಮ.

ಹಳೆಯ ಪತ್ರಿಕೆ (ಮೈಸೂರು)
16 ಏಪ್ರಿಲ್, ಬೆಳಿಗ್ಗೆ 7.40

ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು, ಬೆಳಗಿನ ಕಾಫಿಗೆ ಇಂಥ ಚರ್ಚೆ ಒಳ್ಳೆಯದು. ನಾನು ಎತ್ತಿನ ಗಾಡಿಯ ವಿಷಯ ಹೇಳುತ್ತೇನೆ.

1973ರಲ್ಲಿ ಅರಬ್ ದೇಶಗಳು ತೈಲ ಹಿಡಿದಿಟ್ಟಾಗ ಇಂದಿರಾ ಗಾಂಧಿ ಸರ್ಕಾರ ಪೆಟ್ರೋಲ್ ಬೆಲೆ ಏರಿಸಿತು. ಆ ನವೆಂಬರ್‌ನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆ ಚಿತ್ರ ನೋಡಿ ನಾವು ಹುಡುಗರು ರೋಮಾಂಚನಗೊಂಡಿದ್ದೆವು. ನಲವತ್ತೆಂಟು ವರ್ಷಗಳ ಬಳಿಕ, 2021ರ ಸೆಪ್ಟೆಂಬರ್‌ನಲ್ಲಿ, ವಾಜಪೇಯಿಯವರ ಪಕ್ಷವೇ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಅಧಿಕಾರದಲ್ಲಿದ್ದಾಗ, ಸಿದ್ದರಾಮಯ್ಯನವರೂ ಡಿ.ಕೆ. ಶಿವಕುಮಾರರೂ ಇಂಧನ ಬೆಲೆ ಏರಿಕೆ ಖಂಡಿಸಿ ಎತ್ತಿನ ಗಾಡಿಯಲ್ಲೇ ವಿಧಾನಸೌಧಕ್ಕೆ ಹೊರಟರು. ಆಗ ಬೆಲೆ ಏರಿದ್ದಕ್ಕೆ ಕೇಂದ್ರ ಕೊಟ್ಟ ಕಾರಣವೇನು ಗೊತ್ತೇ? ಹಿಂದಿನ ಯುಪಿಎ ಸರ್ಕಾರ ತೈಲ ಕಂಪನಿಗಳಿಗೆ ನಗದಿನ ಬದಲು ಕೊಟ್ಟಿದ್ದ ಸಾಲಪತ್ರಗಳ, ಅಂದರೆ ತೈಲ ಬಾಂಡ್‌ಗಳ ಸಾಲ. ಅವರನ್ನು ಇವರು ದೂರಿದರು, ಇವರನ್ನು ಅವರು.

ಈಗ ಗಾಡಿಯಲ್ಲಿ ಬಂದವರು ಕುರ್ಚಿಯ ಮೇಲಿದ್ದಾರೆ. 2024ರ ಜೂನ್‌ನಲ್ಲಿ ಮೂರು, ಈಗ ಎರಡು. ಎದುರು ಪಕ್ಷದವರು ಏಪ್ರಿಲ್ 7ಕ್ಕೆ ನಮ್ಮ ಮೈಸೂರಿನಿಂದಲೇ ‘ಜನಾಕ್ರೋಶ ಯಾತ್ರೆ’ ಹೊರಟರು, ರಾಜ್ಯದ ಬೆಲೆ ಏರಿಕೆಯ ವಿರುದ್ಧ. ಅದೇ ದಿನ ದೆಹಲಿಯಿಂದ ಸಿಲಿಂಡರ್ ಮೇಲೆ ಐವತ್ತು ರೂಪಾಯಿಯ ಸುದ್ದಿ ಬಂತು. ಎತ್ತಿಗೇನು, ಅದು ಎರಡೂ ಪಕ್ಷದವರನ್ನು ಎಳೆದಿದೆ. ಅದರ ಹಿಂಡಿಯ ಬೆಲೆಯೂ ಏರಿದೆ ಎಂದು ಮಾತ್ರ ಯಾರೂ ಭಾಷಣ ಮಾಡಲಿಲ್ಲ.

ಲೆಕ್ಕದ ಮೇಷ್ಟ್ರು (ತುಮಕೂರು)
16 ಏಪ್ರಿಲ್, ಬೆಳಿಗ್ಗೆ 8.30

ರಾಯರು ಗಾಡಿಯ ಪಂಚಾಂಗ ಕೊಟ್ಟರು, ನಾನು ಚುನಾವಣೆಯ ಪಂಚಾಂಗ ಕೊಡುತ್ತೇನೆ.

ಪೆಟ್ರೋಲ್ ಬೆಲೆಯನ್ನು 2010ರ ಜೂನ್‌ನಲ್ಲಿ, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದೇವೆ ಎಂದರು. 2017ರ ಜೂನ್‌ನಿಂದ ಪ್ರತಿದಿನ ಬದಲಾಗುತ್ತದೆ ಎಂದರು. ಸರಿ. 2018ರ ಏಪ್ರಿಲ್ 24ರಿಂದ ದರ ಕದಲಲಿಲ್ಲ. ಮೇ 12ಕ್ಕೆ ನಮ್ಮ ರಾಜ್ಯದಲ್ಲಿ ಮತದಾನ ಮುಗಿಯಿತು, ಮೇ 14ಕ್ಕೆ ಮತ್ತೆ ಏರತೊಡಗಿತು. 2021ರ ನವೆಂಬರ್‌ನಿಂದ 137 ದಿನ ದರ ಅಲ್ಲಾಡಲಿಲ್ಲ, ನಡುವೆ ಉತ್ತರ ಪ್ರದೇಶ, ಪಂಜಾಬ್ ಚುನಾವಣೆ. ಫಲಿತಾಂಶ ಬಂದ ಮೇಲೆ 2022ರ ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹದಿನಾಲ್ಕು ಸಲ ಏರಿ, ಒಟ್ಟು ಹತ್ತು ರೂಪಾಯಿ. 2024ರ ಮಾರ್ಚ್ 15ಕ್ಕೆ ಎರಡು ರೂಪಾಯಿ ಇಳಿಯಿತು, ಮರುದಿನ ಲೋಕಸಭೆ ಚುನಾವಣೆಯ ವೇಳಾಪಟ್ಟಿ ಬಂತು. ಜೂನ್ 4ಕ್ಕೆ ಎಣಿಕೆ ಮುಗಿಯಿತು, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಮೂರು ರೂಪಾಯಿ ಏರಿಸಿತು.

ಮಾರುಕಟ್ಟೆ ಎಂಬುದು ಮತಗಟ್ಟೆಯನ್ನು ಇಷ್ಟು ಗೌರವಿಸುತ್ತದೆ ಎಂದು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ನಾನು ಓದಿಲ್ಲ.

ಗಡಿನಾಡು (ಕಾಸರಗೋಡು)
16 ಏಪ್ರಿಲ್, ಬೆಳಿಗ್ಗೆ 10.00

ನಿಮ್ಮ ಜಗಳ ನೋಡಿ ನಮಗೆ ಇಲ್ಲಿ ನಗು ಬರುತ್ತದೆ. ನಾವು ತಲಪಾಡಿ ಗೇಟು ದಾಟಿ ನಿಮ್ಮ ಕಡೆಯ ಬಂಕಿನಲ್ಲಿ ತುಂಬಿಸಿಕೊಳ್ಳುವವರು. ಕೇರಳದಲ್ಲಿ ಮಾರಾಟ ತೆರಿಗೆ ಸಾಲದೆಂದು 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಸೆಸ್ ಎಂದು ಲೀಟರಿಗೆ ಎರಡು ರೂಪಾಯಿ ಬೇರೆ ಇದೆ. ಮಂಗಳೂರಿಗೆ ಆಸ್ಪತ್ರೆಗೋ ಮದುವೆಗೋ ಹೋದ ಯಾವ ಕಾರೂ ಖಾಲಿ ಟ್ಯಾಂಕಿನಲ್ಲಿ ಹಿಂದಿರುಗುವುದಿಲ್ಲ. ನೀವು ಐದು ರೂಪಾಯಿ ಏರಿಸಿದ ಮೇಲೆ ಆ ಲಾಭ ಅರ್ಧಕ್ಕೆ ಬಂದಿದೆ. ‘ಪಕ್ಕದ ರಾಜ್ಯಕ್ಕಿಂತ ಅಗ್ಗ’ ಎಂಬ ಸಮಜಾಯಿಷಿಯನ್ನು ಎಲ್ಲ ರಾಜ್ಯದವರೂ ಕೊಟ್ಟುಕೊಳ್ಳುತ್ತಾ ಹೋದರೆ ಎಲ್ಲರೂ ಒಟ್ಟಿಗೇ ಮೇಲೆ ಹತ್ತುತ್ತಾರೆ, ಅಷ್ಟೆ.

ಮರಳುಗಾಡಿನಿಂದ
16 ಏಪ್ರಿಲ್, ಬೆಳಿಗ್ಗೆ 11.15

ದುಬೈಯಲ್ಲಿ ವ್ಯಾನ್ ಓಡಿಸುತ್ತೇನೆ, ಊರು ಉಡುಪಿ ಕಡೆ. ಇಲ್ಲಿಯೂ 2015ರ ಆಗಸ್ಟ್‌ನಿಂದ ಸಬ್ಸಿಡಿ ತೆಗೆದು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತಾರೆ. ಏರಿದ ತಿಂಗಳು ಎಲ್ಲರೂ ಗೊಣಗುತ್ತೇವೆ. ಆದರೆ ಜಗತ್ತಿನಲ್ಲಿ ಇಳಿದ ತಿಂಗಳು ಇಲ್ಲಿಯೂ ಇಳಿಯುತ್ತದೆ. ತೈಲ ಇರುವ ದೇಶವನ್ನು ನಮ್ಮೊಂದಿಗೆ ಹೋಲಿಸಬೇಡಿ ಎನ್ನುತ್ತೀರಿ, ಒಪ್ಪುತ್ತೇನೆ. ಬೆಲೆಯನ್ನು ಹೋಲಿಸುತ್ತಿಲ್ಲ, ಇಳಿಯುವುದನ್ನು ಹೋಲಿಸುತ್ತಿದ್ದೇನೆ.

ಸೈಕಲ್ ಗಂಟೆ
16 ಏಪ್ರಿಲ್, ಮಧ್ಯಾಹ್ನ 12.30

ಎಲ್ಲರೂ ಬೈಯುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತೇನೆ. ಡೀಸೆಲ್ ಅಗ್ಗವಾಗಬೇಕು ಎಂಬುದೇ ನಮ್ಮ ಬೇಡಿಕೆಯಾದರೆ ನಾವು ಸೋತಂತೆ. ನಾವು ಸುಡುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಯಾವುದೋ ಕೊಲ್ಲಿಯಲ್ಲಿ ಗುಂಡು ಹಾರಿದರೆ ನಮ್ಮ ಟೊಮೆಟೊ ಬೆಲೆ ಏರುತ್ತದೆ. ಪ್ರಶ್ನೆ ಕೇಳಬೇಕಾದದ್ದು ಇದು: ಲೀಟರಿಗೆ 33 ರೂಪಾಯಿ ಎತ್ತಿ ಇಷ್ಟು ವರ್ಷ ಏನು ಕಟ್ಟಿದಿರಿ? ಸರಕು ಸಾಗಿಸಲು ರೈಲು ಎಲ್ಲಿ? ಬಿಸಿಲು, ಗಾಳಿ ನಮ್ಮಲ್ಲಿ ಬೇಕಾದಷ್ಟಿದೆ, ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅದರಿಂದ ಬಸ್ಸು, ಲಾರಿ ಓಡಿಸುವ ದಿನವನ್ನು ಯಾವ ಪಕ್ಷ ಗಂಭೀರವಾಗಿ ಲೆಕ್ಕ ಹಾಕಿದೆ?

ಹತ್ತು ಚಕ್ರ (ಹುಬ್ಬಳ್ಳಿ)
16 ಏಪ್ರಿಲ್, ಮಧ್ಯಾಹ್ನ 12.50

ಬೈಯುವುದಿಲ್ಲ ತಮ್ಮಾ. ಬ್ಯಾಟರಿ ಲಾರಿ ಬಂದ ದಿನ ಮೊದಲು ನಾನೇ ಹತ್ತುತ್ತೇನೆ. ಅದರ ಬೆಲೆ ಎಷ್ಟು, ಹದಿನಾರು ಟನ್ ಹೊತ್ತು ತುಮಕೂರಿನ ಆಚೆ ನಿಂತುಹೋದರೆ ಎಲ್ಲಿ ಚಾರ್ಜ್ ಮಾಡಬೇಕು, ಅಷ್ಟರಲ್ಲಿ ಟೊಮೆಟೊ ಏನಾಗುತ್ತದೆ ಎಂಬುದನ್ನೂ ಬರೆ. ಈ ತಿಂಗಳ ಕಂತು ಈ ತಿಂಗಳೇ ಕಟ್ಟಬೇಕಲ್ಲ.

ಬಿಸಿಲು ಮಾರಿದವ (ಪಾವಗಡ)
16 ಏಪ್ರಿಲ್, ಸಂಜೆ 6.45

ಪಾವಗಡದ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಆ ಪಾರ್ಕಿನ ಹದಿಮೂರು ಸಾವಿರ ಎಕರೆಯಲ್ಲಿ ನಮ್ಮದೂ ಆರು ಎಕರೆ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಸುಳ್ಳು ಹೇಳಬಾರದು, ಕಡಲೆಕಾಯಿ ಬಿತ್ತಿ ಮಳೆ ಕಾಯುತ್ತಿದ್ದ ನೆಲಕ್ಕೆ ಇದು ಕೆಟ್ಟ ಬೆಲೆಯಾಗಿರಲಿಲ್ಲ. 2018ರಲ್ಲಿ ಉದ್ಘಾಟನೆಯಾದಾಗ ಊರಿನಲ್ಲಿ ಹೊಸ ಬೈಕುಗಳು ಬಂದವು, ಹೊಸ ಮನೆಗಳೆದ್ದವು.

ನೆಲ ಇಲ್ಲದವರ ಕಥೆ ಬೇರೆ. ನಮ್ಮ ಹೊಲದಲ್ಲಿ ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದವರಿಗೆ ಈಗ ಗಾಜು ತೊಳೆಯುವ, ಹುಲ್ಲು ಸವರುವ ಕೆಲಸ ಸಿಕ್ಕರೆ ಪುಣ್ಯ. ಕುರಿ ಮೇಯಿಸುವವರು ತಂತಿ ಬೇಲಿ ಸುತ್ತಿ ಮೈಲಿಗಟ್ಟಲೆ ನಡೆಯುತ್ತಾರೆ. ನನ್ನ ತಮ್ಮನ ಪಾಲಿನ ಮೂರು ಎಕರೆ ಪಾರ್ಕಿನ ಹೊರಗೆ ಉಳಿಯಿತು, ಅಲ್ಲಿ ಕೊಳವೆಬಾವಿ ಇದೆ. ಪಂಪ್‌ಸೆಟ್ಟಿಗೆ ಏಳು ಗಂಟೆ ಮೂರು ಫೇಸ್ ಎನ್ನುತ್ತಾರೆ. 2023ರ ಬರದಲ್ಲಿ ಅದನ್ನೂ ಐದಕ್ಕೆ ಇಳಿಸಿದ್ದರು. ರಾತ್ರಿ ಪಾಳಿ ಬಂದಾಗ ಅವನು ಟಾರ್ಚ್ ಹಿಡಿದು ಬದುವಿನ ಮೇಲೆ ಕುಳಿತಿರುತ್ತಾನೆ, ಸ್ಟಾರ್ಟರ್ ‘ಟಕ್’ ಎನ್ನುವುದನ್ನೇ ಕಾಯುತ್ತಾ. ಹಿಂದುಗಡೆ ಬೆಳುದಿಂಗಳಲ್ಲಿ ಲಕ್ಷಾಂತರ ಫಲಕಗಳು ಮಿನುಗುತ್ತಿರುತ್ತವೆ, ಆ ಹೊತ್ತಿನಲ್ಲಿ ಅವುಗಳಿಂದ ಏನೂ ಹುಟ್ಟುವುದಿಲ್ಲ. ಹಗಲು ಹುಟ್ಟಿದ್ದನ್ನು ಹಗಲೇ ಅವನಿಗೆ ಕೊಡಿ ಎಂದು ಸಭೆಯಲ್ಲಿ ಕೇಳಿದೆವು. ಮಂತ್ರಿಗಳು ಬರೆದುಕೊಂಡರು. ಬರೆದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮುಳುಗಡೆ ಮನೆ (ಸಾಗರ)
16 ಏಪ್ರಿಲ್, ರಾತ್ರಿ 8.10

ಪಾವಗಡದ ಅಣ್ಣನಿಗೆ ಗುತ್ತಿಗೆಯಾದರೂ ಬರುತ್ತದೆ. ನಮ್ಮ ಅಜ್ಜನ ಅಡಿಕೆ ತೋಟದ ಮೇಲೆ 1964ರಿಂದ ಲಿಂಗನಮಕ್ಕಿಯ ನೀರು ನಿಂತಿದೆ. ಆ ನೀರಿನಿಂದ ಶರಾವತಿಯಲ್ಲಿ 1,035 ಮೆಗಾವಾಟ್ ಹುಟ್ಟುತ್ತದೆ, ಇಂದಿಗೂ ರಾಜ್ಯದ ಅತಿ ಅಗ್ಗದ ವಿದ್ಯುತ್ ನಮ್ಮ ಕಡೆಯದೇ. ಹೊಸ ಊರಿಗೆ ಬಂದ ಅಜ್ಜ ಬುಡ್ಡಿ ದೀಪದಲ್ಲೇ ತೀರಿಕೊಂಡರು. ಇಷ್ಟು ವರ್ಷವಾದರೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದೇವೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಎನ್ನುತ್ತಿದ್ದಾರೆ. ಹಗಲಿನ ಸೋಲಾರ್ ವಿದ್ಯುತ್ತಿನಿಂದ ನೀರೆತ್ತಿ ರಾತ್ರಿ ಬಿಡುತ್ತಾರಂತೆ. ಪಾವಗಡದ ತಮ್ಮನ ರಾತ್ರಿಯ ಸಮಸ್ಯೆಗೆ ನಮ್ಮ ಸಿಂಗಳೀಕದ ಕಾಡನ್ನು ಕಡಿಯುವ ಪರಿಹಾರ. ಯಾರನ್ನು ಬೈಯಬೇಕೆಂದು ನಮಗೆ ನಿಜಕ್ಕೂ ಗೊತ್ತಾಗುತ್ತಿಲ್ಲ, ಏಕೆಂದರೆ ಈ ಅರವತ್ತು ವರ್ಷಗಳಲ್ಲಿ ಎಲ್ಲ ಪಕ್ಷದವರೂ ಬಂದು ಕೈಮುಗಿದು ಹೋಗಿದ್ದಾರೆ.

ಸತ್ಯ ಹೇಳುವವ
16 ಏಪ್ರಿಲ್, ರಾತ್ರಿ 8.40

ವಿದ್ಯುತ್ ಎಂದಾಗ ನೆನಪಾಯಿತು. ಇನ್ನೂರು ಯೂನಿಟ್ ಉಚಿತ ಎಂದರು, ಈ ಏಪ್ರಿಲ್‌ನಿಂದ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ ಸೇರಿಸಿದರು. ನೌಕರರ ಪಿಂಚಣಿಗೂ ನನ್ನ ಫ್ಯಾನಿಗೂ ಏನು ಸಂಬಂಧ?

ನಮ್ಮ ತೆರಿಗೆ ನಮ್ಮ ಹಕ್ಕು
16 ಏಪ್ರಿಲ್, ರಾತ್ರಿ 8.55

ಅದನ್ನು ನಿಗದಿ ಮಾಡಿದ್ದು ವಿದ್ಯುತ್ ನಿಯಂತ್ರಣ ಆಯೋಗ. ಆದರೂ ಈ ಒಂದು ವಿಷಯದಲ್ಲಿ ನಿಮ್ಮೊಂದಿಗೆ ಜಗಳವಾಡುವುದಿಲ್ಲ. ನಮ್ಮ ಮನೆಯ ಬಿಲ್ಲಿಗೂ ಅದು ಬಂದಿದೆ.

ಮಂಡಕ್ಕಿ ಒಗ್ಗರಣೆ (ದಾವಣಗೆರೆ)
16 ಏಪ್ರಿಲ್, ರಾತ್ರಿ 9.15

ಅಬ್ಬಾ, ಇವರಿಬ್ಬರೂ ಒಪ್ಪಿದರು! ಯಾರಾದರೂ ತಾರೀಖು ಬರೆದಿಟ್ಟುಕೊಳ್ಳಿ.

ಮೇಷ್ಟ್ರೇ, ಒಂದು ಸಂದೇಹ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಯಜಮಾನರು ಪ್ರತಿ ಊಟಕ್ಕೂ ಹೇಳುತ್ತಾರೆ. ಹೌದೇ?

ಲೆಕ್ಕದ ಮೇಷ್ಟ್ರು (ತುಮಕೂರು)
16 ಏಪ್ರಿಲ್, ರಾತ್ರಿ 9.50

ಯಜಮಾನರಿಗೆ ನಮಸ್ಕಾರ ಹೇಳಿ. ಬಂದರೆ ಇಳಿಯಬಹುದು. ಬರುವುದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೇ ಇವನ್ನು ಹೊರಗಿಟ್ಟರು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ನಡೆದ ಮಂಡಳಿ ಸಭೆಯಲ್ಲಿ ವಿಷಯ ಎತ್ತಿದರು, ರಾಜ್ಯಗಳು ಒಪ್ಪಲಿಲ್ಲ. ಟಿವಿಯಲ್ಲಿ ಪರಸ್ಪರ ಕಚ್ಚಾಡುವ ಪಕ್ಷಗಳ ಸರ್ಕಾರಗಳೆಲ್ಲ ಆ ಕೋಣೆಯಲ್ಲಿ ಒಂದೇ ಸ್ವರದಲ್ಲಿ ಮಾತಾಡಿದವು. ಕೇಂದ್ರವೂ ಪಟ್ಟು ಹಿಡಿಯಲಿಲ್ಲ, ಅದರ ಸೆಸ್ ಕೂಡ ಹೋಗುತ್ತದಲ್ಲ.

ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ರಾಜ್ಯ ತನ್ನ ತೆರಿಗೆಯನ್ನು ಶೇಕಡಾದಿಂದ ತೆಗೆದು ಲೀಟರಿಗೆ ಇಷ್ಟು ರೂಪಾಯಿ ಎಂದು ಮಾಡಲಿ. ಕೇಂದ್ರ ಸೆಸ್‌ನ ಬಹುಪಾಲನ್ನು ಮೂಲ ಸುಂಕಕ್ಕೆ ಸೇರಿಸಿ ರಾಜ್ಯಗಳೊಂದಿಗೆ ಹಂಚಿಕೊಳ್ಳಲಿ. ಬಂಕಿನ ರಸೀದಿಯಲ್ಲಿ ಮೂರು ಸಾಲು ಮುದ್ರಿಸಲಿ: ಎಣ್ಣೆಯ ಬೆಲೆ, ಕೇಂದ್ರದ ಪಾಲು, ರಾಜ್ಯದ ಪಾಲು. ಹೋಟೆಲಿನ ಇಡ್ಲಿ ಬಿಲ್ಲಿನಲ್ಲಿ ಎರಡೂ ಸರ್ಕಾರಗಳ ತೆರಿಗೆ ಬೇರೆ ಬೇರೆ ಬರೆದಿರುತ್ತದೆ. ನಲವತ್ತು ರೂಪಾಯಿಯ ಇಡ್ಲಿಗೆ ಸಿಗುವ ಮರ್ಯಾದೆ ಹದಿನೆಂಟು ಸಾವಿರದ ಡೀಸೆಲ್‌ಗೆ ಯಾಕಿಲ್ಲ?

ನೀಲಿ ಅಂಗಿ
16 ಏಪ್ರಿಲ್, ರಾತ್ರಿ 10.30

ಆ ರಸೀದಿ ಬಂದರೆ ನಾನು ಪ್ರತಿ ಗಿರಾಕಿಗೂ ಓದಿ ಹೇಳುತ್ತೇನೆ ಸರ್. ಈಗ ಕಾಗದ ಬಿಸಿಲಿಗೆ ಎರಡೇ ದಿನದಲ್ಲಿ ಬಿಳಿಯಾಗುತ್ತದೆ, ಅದನ್ನೂ ಸ್ವಲ್ಪ ನೋಡಿಕೊಳ್ಳಲಿ.

ಹಳೆಯ ಪತ್ರಿಕೆ (ಮೈಸೂರು)
18 ಏಪ್ರಿಲ್, ಬೆಳಿಗ್ಗೆ 7.15

ಇಂದಿನ ಸುದ್ದಿ ಓದಿದಿರಾ? ಜನಾಕ್ರೋಶ ಯಾತ್ರೆಯವರು ರಾಜ್ಯದ ವಿರುದ್ಧ ಊರೂರು ಸುತ್ತುತ್ತಿದ್ದಾರೆ, ಆಡಳಿತ ಪಕ್ಷದವರು ಕೇಂದ್ರದ ಬೆಲೆ ಏರಿಕೆಯ ವಿರುದ್ಧ ಫ್ರೀಡಂ ಪಾರ್ಕಿನಲ್ಲಿ ಸಭೆ ಸೇರಿದ್ದಾರೆ. ಇಬ್ಬರ ಫಲಕಗಳಲ್ಲೂ ‘ಬೆಲೆ ಏರಿಕೆ ಖಂಡಿಸಿ’ ಎಂದಿದೆ. ಮುದ್ರಣ ಕೂಲಿ ಉಳಿಸಲು ಅದಲುಬದಲು ಮಾಡಿಕೊಂಡರೂ ನಡೆಯುತ್ತಿತ್ತು.

ಮೂರು ಗಾಲಿ
18 ಏಪ್ರಿಲ್, ಬೆಳಿಗ್ಗೆ 9.00

ಲಾರಿ ಅಣ್ಣ ಎಲ್ಲಿ? ಎರಡು ದಿನದಿಂದ ಮಾತೇ ಇಲ್ಲ.

ಹತ್ತು ಚಕ್ರ (ಹುಬ್ಬಳ್ಳಿ)
19 ಏಪ್ರಿಲ್, ರಾತ್ರಿ 11.40

ಇಲ್ಲೇ ಇದ್ದೇನೆ, ಕೆಲಸದಲ್ಲಿದ್ದೆ. ಮುಷ್ಕರ ಮುಗಿಯಿತು. ನಮ್ಮ ಇತರ ಬೇಡಿಕೆಗಳ ಮೇಲೆ ಮಾತುಕತೆ ಎಂದಿದ್ದಾರೆ. ಡೀಸೆಲ್ ಮಾತ್ರ ಇದ್ದಲ್ಲೇ ಇದೆ.

ನಿಂತ ದಿನಗಳ ಲೆಕ್ಕ ಬರೆದೆ: ಒಂದು ಟ್ರಿಪ್ ಪೂರ್ತಿ ಹೋಯಿತು, ಚಾಲಕನ ಭತ್ಯೆ ಕೊಟ್ಟೆ, ಡಾಬಾದವನಿಗೆ ನೀರು, ಚಹಾದ ದುಡ್ಡು ಕೊಟ್ಟೆ. ಡಾಬಾದವನು ಅರ್ಧ ಮಾತ್ರ ತೆಗೆದುಕೊಂಡ. ಇವತ್ತು ಸಂಜೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತುಂಬಿಸಿ, ಟಾರ್ಪಾಲಿನ್ ಬಿಗಿದು, ಇನ್ನೂರು ಲೀಟರ್ ಹಾಕಿಸಿಕೊಂಡು ಹೊರಟಿದ್ದೇವೆ. ಮೇಷ್ಟ್ರು ಹೇಳಿದ ಮೇಲೆ ಈ ಸಲ ಮೀಟರ್ ನೋಡುತ್ತಾ ನಿಂತು ಗುಣಿಸಿದೆ. ಇನ್ನೂರು ಲೀಟರಿಗೆ ಎರಡೂ ಸರ್ಕಾರದ ಪಾಲು ಸೇರಿ ಆರು ಸಾವಿರದ ಏಳುನೂರ ನಲವತ್ತು. ಚಾಲಕನಿಗೆ ತೋರಿಸಿದೆ. ‘ನನ್ನ ಸಂಬಳಕ್ಕಿಂತ ಬೇಗ ದುಡಿಯುತ್ತಾರೆ ಬಿಡಿ’ ಎಂದ.

ಮಂಡಕ್ಕಿ ಒಗ್ಗರಣೆ (ದಾವಣಗೆರೆ)
19 ಏಪ್ರಿಲ್, ರಾತ್ರಿ 11.52

ಬಾಡಿಗೆ ಏನಾದರೂ ಏರಿಸಿ ಕೊಟ್ಟರೇ ಅಣ್ಣ?

ಹತ್ತು ಚಕ್ರ (ಹುಬ್ಬಳ್ಳಿ)
20 ಏಪ್ರಿಲ್, ನಡುರಾತ್ರಿ 12.05

ಹಳೆಯದೇ ಅಕ್ಕಾವರೇ. ಹಿಂದೆ ಇನ್ನೊಬ್ಬ ನಿಂತಿದ್ದ.